ಕೈ ಎಲ್ಲಿಡುವುದು

ಫೋಟೋಕ್ಕೆ ನಿಲ್ಲುವಾಗ ಕಾಲಿಗೆ ನೆಲವಿದೆ, ಮುಖಕ್ಕೆ ಮುಗುಳ್ನಗೆಯಿದೆ. ಕೈಗಳು ಮಾತ್ರ ಮದುವೆಮನೆಯಲ್ಲಿ ಪರಿಚಯದವರು ಸಿಗದ ನೆಂಟರ ಹಾಗೆ ಪೇಚಾಡುತ್ತವೆ. ಈ ಪರದೇಶದಲ್ಲಿ, ಫ್ಲಶಿಂಗ್‌ನ ಗಣೇಶನ ಗುಡಿಯ ಮುಂದೆ ಹೆಂಡತಿ ಕ್ಯಾಮೆರಾ ಹಿಡಿದು, “ರೀ, ಕೈ ಮುಗಿದು ನಿಂತ್ಕೊಳ್ರೀ, ಲಕ್ಷಣವಾಗಿರತ್ತೆ” ಎಂದಾಗ ನಾನು ಬೆವರಿದೆ. ಕಾರಣ ತಿಳಿಯಲು ನೀವು ಇಬ್ರಾಹಿಂನನ್ನು ಕಾಣಬೇಕು.

ಲೇಗೋಸ್‌ನ ಇಬ್ರಾಹಿಂ ನನ್ನ ಮದುವೆಗೆ ಮುಂಚಿನ ರೂಮ್‌ಮೇಟ್. ಬ್ರಿಟಿಷರ ಕಾಲದ ತನ್ನೂರಿನ ಪತ್ರಿಕೆಗಳನ್ನು ಮೈಕ್ರೋಫಿಲ್ಮಿನಲ್ಲಿ ಓದುವುದು ಅವನ ಸಂಶೋಧನೆ. ನಮಾಜಿನಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಬೇಕೋ, ಪಕ್ಕಕ್ಕೆ ಇಳಿಬಿಡಬೇಕೋ ಎಂದು ಅಲ್ಲಿನ ಮುಸಲ್ಮಾನರು ಸಂಪಾದಕರಿಗೆ ಬರೆದು ಬರೆದು ವಾಗ್ಯುದ್ಧ ನಡೆಸಿದ್ದರಂತೆ. ಇಳಿಬಿಡುವ ಪಕ್ಷದಲ್ಲಿ ಅವನ ಅಜ್ಜನೂ ಇದ್ದರಂತೆ; ಮನೆಯವರಿಗೆಲ್ಲ ಈಗಲೂ ಅದೇ ಅಭ್ಯಾಸವಂತೆ. ಒಂದು ಸಂಜೆ ಸಬ್‌ವೇ ರೈಲಿನಲ್ಲಿ ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ.

“ದೇವರಿಗೆ ಬೇರೆ ಕೆಲಸವಿಲ್ವಾ, ಕೈ ನೋಡ್ತಾ ಕೂರ್ತಾನಾ?”

“ನಿಮ್ಮ ದೇವರು ಹಣೆ ನೋಡಲ್ವಾ? ಉದ್ದನಾಮ, ಅಡ್ಡಗಂಧ ಅಂತ ನೀನೇ ಹೇಳಿದ್ದೆ,” ಎಂದ ಇಬ್ರಾಹಿಂ.

ಅಷ್ಟರಲ್ಲಿ ಬಾಗಿಲ ಬಳಿಯಿದ್ದವನೊಬ್ಬ ಬಂದು ಚಾಕು ಹಿಡಿದು ವಾಚು ಕೇಳಿದ. ಅದರ ತುದಿ ನನ್ನ ಅಂಗಿಯ ಗುಂಡಿಗೆ ತಾಗಿದ ಸಣ್ಣ ಸದ್ದು ಇಂದಿಗೂ ನಿದ್ದೆ ಕೆಡಿಸುತ್ತದೆ. ಆಗ ನನ್ನ ವಿದ್ಯಾವಂತ ಕೈಗಳು, ನನ್ನನ್ನು ಕೇಳದೆಯೇ, ಅವನಿಗೆ ಸಾಂಗವಾಗಿ ನಮಸ್ಕಾರ ಮಾಡಿಬಿಟ್ಟವು.

“ಏನಯ್ಯಾ, ನನಗೇ ಪೂಜೆ ಮಾಡ್ತಿದ್ದೀಯಾ?” ಎಂದು ಅವನು ನಕ್ಕ. ಬೋಗಿಯವರೆಲ್ಲ ನೋಡಿದರು.

ಇಬ್ರಾಹಿಂ ನಮ್ಮಿಬ್ಬರ ನಡುವೆ ಬಂದು ನಿಂತ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು. “ವಾಚು ಕೊಡ್ತಾನೆ. ಚಾಕು ಇಳಿಸು.” ಕೊಟ್ಟೆ. ಚಾಕುವಿನವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದ.

“ನಿನಗೆ ಹೆದರಿಕೆ ಆಗ್ಲಿಲ್ವಾ?” ಎಂದೆ.

“ಆಯ್ತು. ಕೈಗೆ ಬೇರೆ ಅಭ್ಯಾಸ ಇರಲಿಲ್ಲ,” ಎಂದ ಇಬ್ರಾಹಿಂ. ಹಂಗಿಸಲಿಲ್ಲ, ಹಂಗಿಸಿದ್ದರೆ ನಾಚಿಕೆ ತುಸು ಹಗುರವಾಗುತ್ತಿತ್ತು.

ಆಪತ್ತಿನಲ್ಲಿ ಬುದ್ಧಿಗಿಂತ ಮೊದಲು ಕೈ ಏಳುತ್ತದೆ, ಮಹಾಶಯರೇ. ಅದನ್ನೆಲ್ಲಿಡಬೇಕೆಂದು ಮೊದಲೇ ಜಗಳವಾಡಿಕೊಂಡ ಆ ಹಿರಿಯರನ್ನು ನೆನೆದು ಇನ್ನು ನಗಲಾರೆ. ಗುಡಿಯೊಳಗೆ ಕೈ ಜೋಡಿಸಿದರೆ ಈಗಲೂ ಗಣೇಶನಿಗಿಂತ ಮೊದಲು ಚಾಕುವಿನವನೇ ಬಂದು ನಿಲ್ಲುತ್ತಾನೆ.

“ಕೈ ಮುಗೀರೀ!” ಎಂದಳು ಹೆಂಡತಿ ಮತ್ತೆ. ನಾನು ಇಳಿಬಿಟ್ಟೆ. “ಅದೇನ್ರೀ, ಡ್ರಿಲ್ ಮೇಷ್ಟ್ರ ಥರ?” ಎಂದು ಗೊಣಗುತ್ತಲೇ ಕ್ಲಿಕ್ಕಿಸಿದಳು. ಫೋಟೋ ಪ್ರಿಂಟಾಗಿ ಬಂದ ಮೇಲೆ ನೋಡಿದರೆ, ಅಷ್ಟರಲ್ಲೇ ಕೈಗಳು ತಾವಾಗಿಯೇ ಅರ್ಧ ಮೇಲೆ ಬಂದಿದ್ದವು.