ಕೆರೆ ದಂಡೆಯ ಸರ್ಕಾರ್ ತುಮ್ಮ

ಮನುಷ್ಯ ಸತ್ತ ಮೇಲೆ ಈ ಭೂಮಿಯಲ್ಲಿ ಉಳಿಯುವುದು ಅವನ ಸತ್ಕಾರ್ಯದ ಪರಿಮಳ ಮಾತ್ರ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ನೆರೆಮನೆಯ ಶಿರಸ್ತೇದಾರರು ಉಳಿಸಿ ಹೋದದ್ದು ಮುಳ್ಳು. ಪರಿಮಳವೂ ಇದೆ, ಇಲ್ಲವೆನ್ನಲಾರೆ. ಮೊನ್ನೆ ಇಸ್ತ್ರಿ ಅಂಗಡಿಯ ಮುಂದೆ ನಿಂತಾಗ ಪೆಟ್ಟಿಗೆಯೊಳಗಿನ ಜಾಲಿ ಇದ್ದಿಲಿನ ಘಾಟು ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಕೊಡೆ ಹಿಡಿದುಕೊಂಡು ಶಿರಸ್ತೇದಾರರೂ ಬಂದರು...

ಆಯುಷ್ಯದ ಅರ್ಧವನ್ನು ದೇವದುರ್ಗದಲ್ಲಿ, ಉಳಿದರ್ಧವನ್ನು ಮಾನ್ವಿಯಲ್ಲಿ ತಹಶೀಲ್ ಕಚೇರಿಯ ಕುರ್ಚಿ ಸವೆಸಲು ವಿನಿಯೋಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ನಿವೃತ್ತರಾಗಿ ರಾಯಚೂರಿನ ನಮ್ಮ ಓಣಿಗೆ ಬಂದವರು ಅವರು. ಕುರ್ಚಿ ಹೋಗಿದ್ದರೂ ಕುಳಿತ ಭಂಗಿ ಹೋಗಿರಲಿಲ್ಲ. ಸರ್ಕಾರ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಳ್ಳುತ್ತಿದ್ದರು. ಸರ್ಕಾರದ ಮುಖಾಂತರ ಬಂದದ್ದಾದರೆ ಪ್ಲೇಗಿಗೂ ಹಾರ ಹಾಕುವ ಪೈಕಿ. ನಾನಾಗ ಹೈಸ್ಕೂಲಿನಲ್ಲಿ ಹೊಸ ಮಾಸ್ತರ. ಪಕ್ಕದ ಮನೆಯಲ್ಲಿದ್ದೆನೆಂಬ ಒಂದೇ ಅಪರಾಧಕ್ಕೆ ಅವರ ಅಧೀನ ನೌಕರನಾದೆ.

ಅವರ ಹೆಂಡತಿಯನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು. ಆಕೆಗೆ ಲಕ್ವ ಹೊಡೆದು ಎಡಗಾಲು ಜೋಮು ಹಿಡಿದು ಎಳೆಯುತ್ತಿತ್ತು. ದಿನಾಲು ಸಮನೆಲದ ಮೇಲೆ ನಡೆಯದಿದ್ದರೆ ಉಳಿದ ಶಕ್ತಿಯೂ ಹೋದೀತು ಎಂದು ಡಾಕ್ಟರು ಹೇಳಿದ್ದರು. ನಮ್ಮ ಓಣಿಯಲ್ಲಿ ಸಮನೆಲವೆಂದರೆ ಗಟಾರದ ಮೇಲೆ ಹಾಸಿದ ಬಂಡೆಗಳು. ಅವು ಹಂದಿಗಳ ವಶದಲ್ಲಿದ್ದವು. ಉಳಿದದ್ದು ಕೋಟೆಗುಡ್ಡದ ಕೆಳಗಿನ ಕೆರೆ ದಂಡೆಯ ಕಾಲುದಾರಿ. ಮುಂಜಾನೆ ಗಾಳಿ ಸೇವನೆಗೆಂದು ನಾಲ್ಕು ಮಂದಿ ಅಲ್ಲಿ ತಿರುಗಾಡುತ್ತಿದ್ದರು. ಆದರೆ ಆ ತಗ್ಗು, ಆ ಕಲ್ಲು... ಗಟ್ಟಿ ಕಾಲಿನವರೇ ಎಡವುತ್ತಿದ್ದರು.

‘ಕೆರೆ ದಂಡೆ ವಾಯುವಿಹಾರ ಮಾರ್ಗ ಸಂರಕ್ಷಣಾ ಸಮಿತಿ’ ಹುಟ್ಟಿದ್ದು ಹೀಗೆ. ಹೆಂಡತಿಗಾಗಿ ಎಂದು ಹೇಳಿಕೊಳ್ಳುವುದು ಶಿರಸ್ತೇದಾರರ ದರ್ಜೆಗೆ ತಕ್ಕುದಲ್ಲವಾದ್ದರಿಂದ ಸಾರ್ವಜನಿಕ ಹಿತಕ್ಕಾಗಿ ಎಂದರು. ಪ್ರತಿ ಭಾನುವಾರ ಶ್ರಮದಾನ. ಶ್ರಮ ನಮ್ಮದು, ದಾನ ಅವರದು. ನಾವು ಸಲಿಕೆ ಹಿಡಿದು ತಗ್ಗು ತುಂಬುವಾಗ ಅವರು ಕೊಡೆಯ ಕೆಳಗೆ ನಿಂತು, "ಮಾಸ್ತರ, ಆ ಬುಟ್ಟಿ ಇನ್ನಷ್ಟು ಶಿಸ್ತಿಲೆ ಹೊರ್ರಿ" ಎನ್ನುತ್ತಿದ್ದರು. ಮಣ್ಣು ಹೊರುವುದರಲ್ಲಿ ಶಿಸ್ತು ಎಲ್ಲಿರುತ್ತದೆಂದು ನನಗೆ ಇಂದಿಗೂ ತಿಳಿದಿಲ್ಲ. ದಾರಿಯ ಅಂಚಿನ ಕಲ್ಲುಗಳಿಗೆ ಮಾತ್ರ ಅವರು ಸ್ವತಃ ಸುಣ್ಣ ಬಳಿದರೆಂದು ಊರೆಲ್ಲ ಹೇಳಿಕೊಂಡರು. ಬಳಿದವನು ನಾನು.

ಏನೇ ಆಗಲಿ, ದಾರಿಯಾಯಿತು. ಕಾಕು ಕೋಲು ಊರಿಕೊಂಡು ದಿನಾ ಮುಂಜಾನೆ ಬನ್ನಿ ಗಿಡದ ತನಕ ಹೋಗಿ ಬರತೊಡಗಿದರು. ಮುಖಕ್ಕೆ ಕಳೆ ಬಂದಿತ್ತು.

ಆಗ ಎಮ್ಮೆಗಳ ಪ್ರಶ್ನೆ ಎದ್ದಿತು. ನೀರಿಗಿಳಿಯುವ ಎಮ್ಮೆಗಳು ಸಮಿತಿಯ ಅಸ್ತಿತ್ವವನ್ನು ಒಪ್ಪಿರಲಿಲ್ಲ; ದಾರಿಯನ್ನು ತುಳಿದು ಕೆಸರು ಮಾಡುತ್ತಿದ್ದವು. ಬೇಲಿ ಬೇಕಾಯಿತು. ಸಮಿತಿಯಲ್ಲಿ ಗಂಜ್ ಮಾರುಕಟ್ಟೆಯ ದಲಾಲಿ ಅಂಗಡಿಯ ಶೆಟ್ಟರೊಬ್ಬರಿದ್ದರು, ಮನೆಮಾತು ತೆಲುಗು. ಅವರು ಹೇಳಿದರು:

"ನಮ್ಮ ಊರ ಕಡಿ ಒಂದು ಗಿಡ ಅದ ನೋಡ್ರಿ. ನೀರು ಬ್ಯಾಡ, ಗೊಬ್ಬರ ಬ್ಯಾಡ, ಎಮ್ಮಿ ಬಾಯಿ ಹಾಕಂಗಿಲ್ಲ. ಸರ್ಕಾರ್ ತುಮ್ಮ ಅಂಟಾರಂಡಿ."

ತುಮ್ಮ ಎಂದರೆ ತೆಲುಗಿನಲ್ಲಿ ಜಾಲಿ. ನಮ್ಮವರು ಬಳ್ಳಾರಿ ಜಾಲಿ ಎಂದು ಬೈಯುವುದೂ ಅದನ್ನೇ. ಆದರೆ ಶಿರಸ್ತೇದಾರರ ಕಿವಿ ಮೊದಲ ಶಬ್ದದಲ್ಲೇ ನಿಂತುಬಿಟ್ಟಿತ್ತು. ಶಲ್ಯ ಸರಿಪಡಿಸಿಕೊಂಡರು.

"ಸರ್ಕಾರದ್ದೇ ಗಿಡ ಅಂದಮ್ಯಾಲೆ ಮುಗೀತಲ್ಲ. ವಿಚಾರ ಮಾಡೇ ಮಾಡಿರ್ತಾರ."

ಅಂದು ಸಂಜೆ ಕಟ್ಟೆಯ ಮೇಲೆ ಕೂತ ಕಾಕು ಗಂಡನನ್ನು ಕೇಳಿದರು: "ಅಲ್ರೀ, ಸರ್ಕಾರದ್ದು ಅಂದ್ರ ಮುಳ್ಳಿಗೂ ನಮಸ್ಕಾರ ಹಾಕ್ತೀರೇನು?"

"ನಿನಗ ತಿಳಿಯಂಗಿಲ್ಲ, ಸುಮ್ಮನಿರು."

"ತಿಳಿಯೂದು ಕಾಲಿಗೆ. ನನಗೇನು ಬಿಡ್ರಿ."

ದಾರಿಯ ಎರಡೂ ಬದಿಗೆ ಬೀಜ ಬಿತ್ತಿದೆವು. ಗಿಡ ಎರಡೇ ಮಳೆಗಾಲದಲ್ಲಿ ಆಳೆತ್ತರ ಬೆಳೆಯಿತು. ಎಮ್ಮೆಗಳು ನಿಂತವು, ಸಮಿತಿಯ ಇತಿಹಾಸದಲ್ಲಿ ಅದೊಂದೇ ಜಯ. ಬೇಸಿಗೆಯಲ್ಲಿ ಕಾಯಿ ಉದುರಿದಾಗ ಆಡು ಮೇಯಿಸುವ ಮುದುಕಿಯೊಬ್ಬಳು ಬಂದು, "ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ! ಬ್ಯಾಸಗ್ಯಾಗ ನನ್ನ ಆಡಿಗೆ ಅನ್ನ ಹಾಕೀದಿ" ಎಂದು ಕೈ ಮುಗಿದಳು. ಶಿರಸ್ತೇದಾರರು ಅದನ್ನು ಸಾರ್ವಜನಿಕರ ಮೆಚ್ಚುಗೆಯೆಂದು ಸ್ವೀಕರಿಸಿದರು. ಆಡುಗಳು ಕಾಯಿ ತಿಂದು ದಾರಿಯುದ್ದಕ್ಕೂ ಹಿಕ್ಕೆ ಹಾಕಿದವು, ಹಿಕ್ಕೆಯಲ್ಲಿ ಬೀಜ. ನಮ್ಮ ಸಮಿತಿಯಲ್ಲಿ ನಿಷ್ಠೆಯಿಂದ ದುಡಿದ ಸದಸ್ಯರೆಂದರೆ ಅವೇ.

ದಾರಿ ಇಕ್ಕಟ್ಟಾಗುತ್ತ ಬಂತು. ಕಡಿದುಬಿಡೋಣ ಎಂದೆ.

"ಸರ್ಕಾರಿ ಗಿಡ ಕಡೀಲಿಕ್ಕೆ ಪರವಾನಗಿ ಬೇಕು ಮಾಸ್ತರ. ಕಾಯ್ದೆ ಅದ."

"ಹಚ್ಚಿದವರು ನಾವೇ ಅಲ್ರೀ! ಸರ್ಕಾರ ಅನ್ನೂದು ಬರೇ ಹೆಸರು."

"ಹೆಸರು ಸುಮ್ಮಸುಮ್ಮನ ಇಡ್ತಾರೇನು?"

ಪರವಾನಗಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಕೇಳಿದಲ್ಲೆಲ್ಲ ಅದು ನಮ್ಮ ಗಿಡವಲ್ಲ ಎಂಬ ಉತ್ತರ. ತಮ್ಮದಲ್ಲದ ಗಿಡಕ್ಕೆ ಅವರು ಪರವಾನಗಿ ಕೊಡುವುದಾದರೂ ಹೇಗೆ? ಕೊಡದ ಹೊರತು ಇವರು ಕಡಿಯುವುದಾದರೂ ಹೇಗೆ? ಈ ಶಾಸ್ತ್ರಾರ್ಥ ನಡೆದಿರುವಾಗಲೇ ಸದಸ್ಯರು ಒಬ್ಬೊಬ್ಬರಾಗಿ ನಾಪತ್ತೆಯಾದರು. ಗಿಡ ತನ್ನ ಪಾಡಿಗೆ ಬೆಳೆಯುತ್ತಿತ್ತು.

ಒಂದು ಮುಂಜಾನೆ ಕಾಕು ಎಂದಿನಂತೆ ತಿರುಗಾಡಿ ಮನೆಗೆ ಬಂದರು. ಅಂಗಳದ ತುಂಬ ಒಂದೇ ಪಾದದ ರಕ್ತದ ಗುರುತು. ಬೆರಳುದ್ದದ ಮುಳ್ಳು ಚಪ್ಪಲಿ ಹಾಯ್ದು ಎಡಗಾಲಿಗೆ ನೆಟ್ಟಿತ್ತು. ಜೋಮು ಹಿಡಿದ ಕಾಲು, ಅದಕ್ಕೂ ತಿಳಿದಿರಲಿಲ್ಲ. ಗಾಯ ಕೀವಾಯಿತು, ಜ್ವರ ಬಂತು. ಇಳಿದ ಮೇಲೆ ಡಾಕ್ಟರು, ಬೇಗ ನಡೆಯಲು ಹಚ್ಚದಿದ್ದರೆ ಇನ್ನು ನಡೆದಂತೆಯೇ ಎಂದರು.

ಮರುದಿನ ನಾನು ಕೆರೆ ಕಡೆ ಹೋದಾಗ ಶಿರಸ್ತೇದಾರರು ಒಬ್ಬರೇ ಕುಡಗೋಲು ಹಿಡಿದು ಜಾಲಿ ಕಡಿಯುತ್ತಿದ್ದರು. ಕೊಡೆಯಿಲ್ಲ, ಶಲ್ಯವಿಲ್ಲ. ಧೋತರ ಮುಳ್ಳಿಗೆ ಸಿಕ್ಕು ಹರಿದಿತ್ತು, ಮೊಳಕೈಯಿಂದ ಕೆಳಗೆ ಗೀರುಗಳು. ನಾನು ಕಂಡಂತೆ ಆ ಮನುಷ್ಯ ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು, ಅದನ್ನೂ ಬಹಳ ಕೆಟ್ಟದಾಗಿ ಮಾಡುತ್ತಿದ್ದರು.

"ಪರವಾನಗಿ ಬಂತೇನ್ರಿ?" ಎಂದೆ, ಚುಚ್ಚಲೆಂದೇ.

"ಇಲ್ಲ" ಎಂದರು. ತಲೆ ಎತ್ತಲಿಲ್ಲ.

ನಾನು ಮನೆಗೆ ಹೋಗಿ ಕೊಡಲಿ ತಂದೆ. ಸಂಜೆಯ ತನಕ ಇಬ್ಬರೂ ಕಡಿದೆವು, ಮೊಣಕಾಲೆತ್ತರಕ್ಕೆ. ಕಡಿದಲ್ಲಿ ನಾಲ್ಕು ಕವಲೊಡೆಯುವುದು ಈ ಜಾಲಿಯ ಸ್ವಭಾವ. ಮಳೆ ಬಿದ್ದ ಮೇಲೆ ಎರಡು ಕಡೆಯ ಬೇಲಿ ಸೇರಿ ಒಂದಾಯಿತು.

ಕಾಕು ಆಮೇಲೆ ಪಡಸಾಲೆಯ ಗೋಡೆ ಹಿಡಿದು ನಡೆಯುತ್ತಿದ್ದರು. ಶಿರಸ್ತೇದಾರರು ಹಿಂದೆ ಹಿಂದೆ, ಕೈ ಮುಂದೆ ಚಾಚಿಕೊಂಡು. "ಬಿಡ್ರಿ, ನಾನೇನು ಸರ್ಕಾರದಾಕಿ ಅಲ್ಲ, ಬಿದ್ರ ಯಾರೂ ಕೇಳಂಗಿಲ್ಲ" ಎಂದು ಆಕೆ ರೇಗುವುದು ನಮ್ಮ ಮನೆಗೆ ಕೇಳುತ್ತಿತ್ತು. ಎಂಬತ್ತರ ದಶಕ ಮುಗಿಯುವ ಮೊದಲೇ ಆ ದನಿ ನಿಂತಿತು. ವರ್ಷ ತುಂಬುವುದರೊಳಗೆ ಅವರೂ ಹೋದರು. ಅಂಥ ಶತಮೂರ್ಖ ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಆ ಜಾಗಕ್ಕೆ ಅರ್ಹರು ಅನೇಕರಿದ್ದರೂ ನನಗದು ಖಾಲಿಯೇ ಉಳಿದಿದೆ.

ಹೋದ ವಾರ ಕೆರೆಯ ಕಡೆ ಹೋಗಿದ್ದೆ. ದಾರಿಯಿದ್ದಲ್ಲಿ ಜಾಲಿ ಇದೆ. ನಡೆಯಲು ಬರುವುದಿಲ್ಲ.