ಮಾದರಿ ಒಲೆಯ ಗುಬ್ಬಿ ಸಂಸಾರ

ಹೊಗೆಯ ಬಗ್ಗೆ ಮಾತನಾಡುವುದೆಂದರೆ ನನಗೆ ಮೊದಲಿನಿಂದಲೂ ಬಹಳ ಇಷ್ಟ. ಒಲೆ ಹೊತ್ತಿಸುವುದು ಮಾತ್ರ ನಲವತ್ತು ದಾಟುವವರೆಗೂ ನನಗೆ ಬರುತ್ತಿರಲಿಲ್ಲ. ಈ ಎರಡಕ್ಕೂ ಏನಾದರೂ ಸಂಬಂಧ ಇರಬಹುದೆಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಏಕೆಂದರೆ ಆಗ ನಾನು ಭಾಷಣ ಮಾಡುವವರ ಸಾಲಿನಲ್ಲಿದ್ದೆ.

ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನನಗೆ ಈ ಚಟ ಹತ್ತಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ‘ಪರಿಸರ’ ಎಂಬ ಮಾತು ಪಠ್ಯಪುಸ್ತಕದಿಂದ ಎದ್ದು ಬಂದು ಬ್ಯಾನರುಗಳ ಮೇಲೆ ಕೂತ ಕಾಲ ಅದು. ಅದರ ಬೆನ್ನ ಹಿಂದೆಯೇ ‘ಸುಸ್ಥಿರ ಅಭಿವೃದ್ಧಿ’ ಬಂತು. ಈ ಎರಡು ಪದಗಳನ್ನು ತಡವರಿಸದೆ ಹೇಳಬಲ್ಲವರು ನಮ್ಮ ಕಡೆ ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಭಾನುವಾರ ಬಿಡುವಾಗಿ ಸಿಗುವವನು ನಾನೊಬ್ಬನೇ. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯಿಂದ ಕರೆ ಬರುತ್ತಿತ್ತು. ಕರಿಹೊಗೆ ಬಿಡುವ ಬಸ್ಸಿನಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತ ಹೋಗುತ್ತಿದ್ದೆ. ಬರುವಾಗ ಕೈಯಲ್ಲಿ ಒಂದು ಶಾಲು, ಹೊಟ್ಟೆಯಲ್ಲಿ ಒಂದು ಪ್ಲೇಟು ಉಪ್ಪಿಟ್ಟು ಇರುತ್ತಿದ್ದವು.

ಮೂಡಲಗಿಯಲ್ಲಿ ಒಮ್ಮೆ ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಉಳಿತಾಯದ ಬಗ್ಗೆ ಮಾತನಾಡಲು ನಿಂತಿದ್ದೆ. ಮೂರನೆಯ ವಾಕ್ಯಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಮೈಕು ಸತ್ತಿತು. ನಾನು ಜಗ್ಗದೆ, ಉಳಿಸಬೇಕು ಉಳಿಸಬೇಕು ಎಂದು ಗಂಟಲು ಹರಿದುಕೊಳ್ಳುತ್ತಲೇ ಇದ್ದೆ. ಮುಂದಿನ ಸಾಲಿನ ಮುದುಕರೊಬ್ಬರು ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ ಎದ್ದು ನಿಂತರು. ತಮ್ಮ ಊರಿನವರು ಬೆಳಗಿನಿಂದಲೂ ಉಳಿಸುತ್ತಲೇ ಇದ್ದಾರೆಂದೂ, ಇನ್ನೂ ಎಷ್ಟು ಉಳಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆಂದೂ ಬಹಳ ವಿನಯದಿಂದ ಕೇಳಿದರು. ಅದನ್ನು ನಾನು ನನ್ನ ವಹಿಯಲ್ಲಿ ‘ಶ್ರೋತೃಗಳ ಆಸಕ್ತಿ ಚೆನ್ನಾಗಿತ್ತು’ ಎಂದು ಬರೆದುಕೊಂಡೆ.

ಈಗ ನನ್ನ ಚಿಗವ್ವನ ವಿಷಯಕ್ಕೆ ಬರುತ್ತೇನೆ. ಚಿಗವ್ವ ಅಂದರೆ ನನ್ನ ಕಾಕಾನ ಹೆಂಡತಿ, ಪದ್ಮವ್ವ. ಹೆತ್ತವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಇವಳೇ. ಘಟಪ್ರಭಾದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನೌಕರಿಗೆಂದು ಗೋಕಾಕದಲ್ಲಿದ್ದ ನಾನು ಆಗಾಗ ಅಲ್ಲಿಗೆ ಹೋಗಿಬರುತ್ತಿದ್ದೆ. ಒಕ್ಕಲುತನ ಮಾಡಿಕೊಂಡಿದ್ದ ಜೈನರ ಮನೆ ನಮ್ಮದು. ನಮ್ಮವರ ಶಾಸ್ತ್ರದ ಪ್ರಕಾರ ಮಣ್ಣಿಗೆ ಜೀವವಿದೆ, ನೀರಿಗೆ ಜೀವವಿದೆ, ಬೆಂಕಿಗೂ ಗಾಳಿಗೂ ಜೀವವಿದೆ. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಎಂದೆಲ್ಲ ಅವಕ್ಕೆ ಹೆಸರುಗಳೂ ಇವೆ. ದೊಡ್ಡ ದೊಡ್ಡ ದೇಶದವರೆಲ್ಲ ಒಂದೆಡೆ ಕೂಡಿ, ಇನ್ನು ಮೇಲೆ ನೆಲ ನೀರು ಗಾಳಿಗಳನ್ನು ನೋಯಿಸುವುದಿಲ್ಲವೆಂದು ಕಾಗದಕ್ಕೆ ಸಹಿ ಮಾಡಿದ ಸುದ್ದಿಯನ್ನು ನಾನು ಒಂದು ದಿನ ಪೇಪರಿನಿಂದ ಓದಿ ಹೇಳಿದೆ. ಚಿಗವ್ವ ಕಾಳು ಹಸನು ಮಾಡುತ್ತ, ಇಷ್ಟು ದಿನ ಅವರಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಿದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಪಾಪ ಎನ್ನುವ ಭಾವವಷ್ಟೇ ಇತ್ತು.

ಅವಳು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಿಸುತ್ತಿದ್ದಳು. ಒಲೆಗೆ ಇಡುವ ಮುಂಚೆ ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ತಟ್ಟಿ, ಇರುವೆ ಹುಳಗಳು ಇಳಿದು ಹೋಗುವತನಕ ಕಾಯುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಮನೆಯವರೆಲ್ಲರ ಊಟ ಮುಗಿದು ಒಲೆ ಆರುತ್ತಿತ್ತು. ಇದಕ್ಕೆಲ್ಲ ಅವಳು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆದರೆ ಹುಳಗಳಿಗೆ ತೋರಿಸಿದ ಕರುಣೆಯನ್ನು ಅವಳು ತನ್ನ ಎದೆಗೆ ತೋರಿಸಿಕೊಂಡಿರಲಿಲ್ಲ. ವರ್ಷಗಟ್ಟಲೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸಗಣಿಯ ಕುಳ್ಳಿನ ಹೊಗೆ ಕುಡಿದು ಅವಳಿಗೆ ಕೆಮ್ಮು ಅಂಟಿಕೊಂಡಿತ್ತು. ಮಾತಿನ ನಡುವೆ ಎದ್ದು ಗೋಡೆ ಹಿಡಿದು ನಿಲ್ಲುವಂಥ ಕೆಮ್ಮು. ಘಟಪ್ರಭಾದಲ್ಲಿ ತೋರಿಸಿದಾಗ ಡಾಕ್ಟರರು ಗುಳಿಗೆ ಬರೆದುಕೊಟ್ಟು, ನನ್ನನ್ನು ಬದಿಗೆ ಕರೆದರು. ಹೊಗೆ ತಪ್ಪದಿದ್ದರೆ ಈ ಗುಳಿಗೆಯಿಂದ ಏನೂ ಆಗುವುದಿಲ್ಲ, ಹೀಗೇ ಮುಂದುವರಿದರೆ ಇವರು ಹಾಸಿಗೆ ಹಿಡಿಯುತ್ತಾರೆ ಎಂದರು. ಅಂದು ಬಸ್ಸಿನಲ್ಲಿ ಅವಳ ಪಕ್ಕ ಕೂತಾಗ ನನಗೆ ನಿಜವಾಗಿಯೂ ಭಯವಾಯಿತು.

ಭಯವಾದಾಗ ಒಬ್ಬೊಬ್ಬರು ಒಂದೊಂದು ದೇವರಿಗೆ ಹರಕೆ ಹೊರುತ್ತಾರೆ. ನಾನು ಒಂದು ಅರ್ಜಿ ಬರೆದೆ. ಹೊಗೆ ಇಲ್ಲದ ಒಲೆಯ ಸರಕಾರಿ ಯೋಜನೆ ಆಗ ಹಳ್ಳಿ ಹಳ್ಳಿಗೆ ಬಂದಿತ್ತು. ಸುತ್ತಲೂ ಮುಚ್ಚಿದ ಒಲೆ, ಪಾತ್ರೆ ಇಡಲು ಎರಡು ತೂತು, ಹೊಗೆಯನ್ನು ಮಾಡಿನಾಚೆ ಒಯ್ಯಲು ಒಂದು ಸಿಮೆಂಟಿನ ಕೊಳವೆ. ಕಟ್ಟಲು ಬಂದವನು ನಮ್ಮೂರಿನ ಲಕ್ಕಪ್ಪ. ಅವನ ಅಣ್ಣಂದಿರು ಇನ್ನೂ ಕುರಿಗಳ ಹಿಂದೆ ಇದ್ದರು, ಇವನು ಗೌಂಡಿ ಕೆಲಸ ಕಲಿತು ಈ ಒಲೆ ಕಟ್ಟುವ ತರಬೇತಿ ಪಡೆದಿದ್ದ. ಕೈಯಲ್ಲಿ ಕರಣೆ, ಕಿಸೆಯಲ್ಲಿ ಸರಕಾರದ ನಕ್ಷೆ. ಹಳೆಯ ಒಲೆಯನ್ನು ಒಡೆದು ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸತೊಡಗಿದ.

ಚಿಗವ್ವ ಬಂದು ಒಮ್ಮೆ ನೋಡಿ, ಬಾಯಿ ಇಷ್ಟು ಸಣ್ಣದಾದರೆ ರೊಟ್ಟಿ ಎಲ್ಲಿ ನಿಲ್ಲಿಸಲಿ ಎಂದಳು. ಜೋಳದ ರೊಟ್ಟಿ ಹಂಚಿನ ಮೇಲೆ ಅರ್ಧ ಬೆಂದು, ಆಮೇಲೆ ಒಲೆಯ ಬಾಯಲ್ಲಿ ಕೆಂಡದ ಎದುರು ನಿಂತು ಉಬ್ಬುತ್ತದೆ. ಹಾಗೆ ಉಬ್ಬದಿದ್ದರೆ ಅದು ರೊಟ್ಟಿಯೇ ಅಲ್ಲ. ಈ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ನಕ್ಷೆ ಬರೆದವರು ಮಾತ್ರ ಅನ್ನ ಉಣ್ಣುವವರಿರಬೇಕು. ಲಕ್ಕಪ್ಪ ನನ್ನ ಮುಖ ನೋಡಿದ, ನಾನು ನಕ್ಷೆ ನೋಡಿದೆ. ನಕ್ಷೆಯಲ್ಲಿ ರೊಟ್ಟಿಯ ಸುದ್ದಿಯೇ ಇರಲಿಲ್ಲ. ನಕ್ಷೆಯಲ್ಲಿ ಇದ್ದಂತೆಯೇ ಕಟ್ಟು ಎಂದೆ.

ಚಿಗವ್ವ ವಾದ ಮಾಡಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆಯೇ ಒತ್ತಿ ಒತ್ತಿ ಬೇಯಿಸಿದಳು. ಕಾಕಾ ಆ ಚಪ್ಪಟೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಉಂಡರು. ಆದರೆ ತಿಂಗಳೊಳಗೆ ಕೆಮ್ಮು ಕಡಿಮೆಯಾದದ್ದು ನಿಜ. ನಾನು ಒಲೆಯ ಫೋಟೋ ತೆಗೆಸಿ, ಭಾಷಣಕ್ಕೆ ಹೋದಲ್ಲೆಲ್ಲ ತೋರಿಸತೊಡಗಿದೆ. ಹುಕ್ಕೇರಿಯಲ್ಲಿ ಒಬ್ಬ ಹೆಣ್ಣುಮಗಳು ಅದರಲ್ಲಿ ರೊಟ್ಟಿ ಹೇಗೆ ಸುಡುತ್ತಾರೆಂದು ಕೇಳಿದಾಗ, ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಅಲ್ಲಿಗೇ ಮುಗಿಸಿದೆ.

ಮುಂದೆ ಮಾರ್ಚಿನಲ್ಲಿ ಒಲೆಗಳ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಊರಿನ ಉಳಿದ ಮನೆಗಳಲ್ಲಿ ಅವರಿಗೆ ಕಂಡದ್ದು ಮಸಿ ಹಿಡಿದ, ಬಾಯಿ ಒಡೆದ ಒಲೆಗಳು. ನಮ್ಮ ಮನೆಯಲ್ಲಿ ಕಂಡದ್ದು ಸುಣ್ಣ ಬಳಿದು, ಮುಂದೆ ರಂಗೋಲಿ ಎಳೆದ ಒಲೆ. ಸಾಹೇಬರು ಕೊಳವೆಯ ಬುಡದಲ್ಲಿ ಬೆರಳಾಡಿಸಿ ನೋಡಿಕೊಂಡರು. ಬೆರಳು ಬೆಳ್ಳಗೇ ಇತ್ತು. ಉರಿಯುವ ಒಲೆಯಲ್ಲಿ ಮಸಿ ಏಕಿಲ್ಲ ಎಂದು ವಿಜ್ಞಾನ ಕಲಿಸುವ ನನಗೆ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅಡುಗೆಮನೆಯಲ್ಲೂ ಹಕ್ಕಿಯ ದನಿ ಕೇಳಿಸುತ್ತದೆ, ಹಳ್ಳಿಯ ಬಾಳುವೆ ಎಷ್ಟು ಚಂದ ಎಂದು ಅವರು ಸಂತೋಷಪಟ್ಟರು. ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾಚಿಕೆ ಎಂದುಕೊಂಡೆ. ತಾಲೂಕಿನ ಮಾದರಿ ಒಲೆ ಎಂದು ಪ್ರಮಾಣಪತ್ರ ಬಂತು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದೆ.

ಅದಾಗಿ ಒಂದು ತಿಂಗಳಿಗೆ ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಲಕ್ಕಪ್ಪ ಸಿಕ್ಕ. ಕುಶಲ ಕೇಳಿದೆ. ಅವನು ಅತ್ತಿತ್ತ ನೋಡಿ, “ಮಾಸ್ತರ್ರ, ನಿಮ್ಮ ಚಿಗವ್ವಾರ ಕೆಮ್ಮು ನಮ್ಮ ಮನಿತನಕಾ ಕೇಳಾಕತ್ತೈತ್ರಿ. ಒಂದಿನ ಹೇಳದ ಹೋಗಿ ನೋಡ್ರಿ,” ಎಂದ. ಇನ್ನೇನನ್ನೂ ಹೇಳಲು ಅವನು ಒಪ್ಪಲಿಲ್ಲ.

ನಾನು ಮರುದಿನವೇ ಹೋದೆ. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಅಡುಗೆಮನೆಯಲ್ಲಿ ಮಾದರಿ ಒಲೆ ತಣ್ಣಗೆ ಕೂತಿತ್ತು. ಹಿತ್ತಿಲ ದನದ ಕೊಟ್ಟಿಗೆಯ ತಗಡಿನ ಸಂದಿಗಳಿಂದ ಹೊಗೆ ಬರುತ್ತಿತ್ತು. ಒಳಗೆ ಹೋದರೆ ಮೂರು ಕಲ್ಲು ಹೂಡಿ, ಬಾಗಿಲು ಅರ್ಧ ಮುಚ್ಚಿಕೊಂಡು, ಚಿಗವ್ವ ರೊಟ್ಟಿ ಸುಡುತ್ತಿದ್ದಳು. ಎಮ್ಮೆಯ ಕಣ್ಣಲ್ಲೂ ನೀರು ಬಂದಿತ್ತು. ನನ್ನನ್ನು ಕಂಡವಳೇ ಎದ್ದು ನಿಲ್ಲಲು ಹೋಗಿ ಕೆಮ್ಮಿ ಕೆಮ್ಮಿ ಕಂಬಕ್ಕೆ ಆತುಕೊಂಡಳು. ಕೆಮ್ಮು ನಿಲ್ಲುವತನಕ ನಾನು ಅವಳ ಬೆನ್ನು ನೀವುತ್ತ ನಿಂತೆ. ಬೆನ್ನಿನ ಎಲುಬುಗಳು ಕೈಗೆ ಹತ್ತುತ್ತಿದ್ದವು.

“ಕೊಳವ್ಯಾಗ ಗುಬ್ಬಿ ಗೂಡು ಕಟ್ಯಾವಪಾ,” ಎಂದಳು. “ಮರಿ ಅದಾವು. ಹೊಗಿ ಬಿಟ್ರ ಸಾಯತಾವು.”

ಆದದ್ದು ಇಷ್ಟು. ಫೆಬ್ರುವರಿಯಲ್ಲಿ ಅಂಕಲಗಿಯ ಬೀಗರ ಮನೆಯ ಮದುವೆಗೆಂದು ಕಾಕಾ ಚಿಗವ್ವ ಇಬ್ಬರೂ ಎಂಟು ದಿನ ಹೋಗಿದ್ದರು. ಬರುವುದರೊಳಗೆ ಕೊಳವೆಯ ತುದಿಯಲ್ಲಿ, ಮಳೆ ಬೀಳದಂತೆ ಇಟ್ಟ ಟೋಪಿಯ ಕೆಳಗೆ, ಗುಬ್ಬಿಗಳು ಮನೆ ಹೂಡಿದ್ದವು. ಹುಲ್ಲಿನ ಎಳೆಗಳು ಒಲೆಯೊಳಗೆ ಉದುರಿದ್ದನ್ನು ಕಂಡು ಚಿಗವ್ವ ಅಂದಿನಿಂದ ಬೆಂಕಿ ಹಾಕಿರಲಿಲ್ಲ. ಮೊದಲ ಮರಿಗಳು ಹಾರಿಹೋದವು. ಇನ್ನೇನು ಹಚ್ಚಬೇಕು ಎನ್ನುವಷ್ಟರಲ್ಲಿ ಅದೇ ಗುಬ್ಬಿಗಳು ಮತ್ತೆ ಮೊಟ್ಟೆ ಇಟ್ಟವು. ಮೂರು ಕಲ್ಲನ್ನು ಅಂಗಳದಲ್ಲಿ ಹೂಡಿದ್ದರೆ ಹೊಗೆ ಗಾಳಿಗೆ ಹೋಗುತ್ತಿತ್ತು. ಆದರೆ ಅಂಗಳದಲ್ಲಾದರೆ ಊರೆಲ್ಲ ನೋಡುತ್ತದೆ. ಅದಕ್ಕೇ ಕೊಟ್ಟಿಗೆ ಸೇರಿದ್ದಳು.

ನನಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

“ಊರೂರಾಗ ನಿಂತು ನನ್ನ ಒಲಿ ಸುದ್ದಿ ಹೇಳಿ ಬಂದಿ. ಒಲಿನ ಹಚ್ಚಂಗಿಲ್ಲ ಅಂತ ತಿಳದ್ರ ಮಂದಿ ನಿನಗ ನಗತಾರ. ಕೆಮ್ಮು ನಂದು, ನಾ ತಡಕೊಂತೇನಿ.”

ನನ್ನ ಭಾಷಣಗಳು ಯಾರ ಮೇಲಾದರೂ ಪರಿಣಾಮ ಬೀರಿವೆಯೇ ಎಂಬ ಅನುಮಾನ ನನಗೆ ಆಗಾಗ ಬರುತ್ತಿತ್ತು. ಅಂದು ಆ ಅನುಮಾನ ಪರಿಹಾರವಾಯಿತು. ನಾನು ಎಮ್ಮೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೊಗೆಯ ನೆಪ ಇತ್ತಾದರೂ ನಿಜವಾಗಿ ಅತ್ತದ್ದೇ ಹೌದು.

ಆಮೇಲೆ ಒಂದು ಉದ್ದನೆಯ ಕೋಲು ಹುಡುಕಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಚಿಗವ್ವ ತಡೆಯಲಿಲ್ಲ. ಗೂಡು ಬಿದ್ದರೆ ಆ ಒಲೆಯಲ್ಲಿ ಬೇಯಿಸಿದ್ದನ್ನು ತಾನು ಈ ಜನ್ಮದಲ್ಲಿ ಉಣ್ಣುವುದಿಲ್ಲ ಎಂದಷ್ಟೇ ಹೇಳಿದಳು. ಕೋಲನ್ನು ಮೂಲೆಗಿಟ್ಟು, ಕೊಟ್ಟಿಗೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ಮುಂದಿನ ಅಂಗಳದಲ್ಲಿ, ರಸ್ತೆಗೆ ಎದುರಾಗಿ ಇಟ್ಟೆ. ಅವಳನ್ನು ಗಾಳಿ ಬರುವ ಬದಿಗೆ ಕಟ್ಟೆಯ ಮೇಲೆ ಕೂಡಿಸಿ, ಮರಿಗಳು ಹಾರುವವರೆಗೂ ರೊಟ್ಟಿ ನಾನೇ ಸುಡುತ್ತೇನೆ ಎಂದೆ.

ಮುಂದಿನ ಎರಡು ವಾರ ನಮ್ಮೂರಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಹೊಗೆಯಿಲ್ಲದ ಒಲೆಯ ಮಾಸ್ತರ ಪ್ಯಾಂಟು ಮೊಣಕಾಲಿಗೆ ಏರಿಸಿ, ಊದುಗೊಳವೆ ಊದುತ್ತ, ಮೂರು ಕಲ್ಲಿನ ಒಲೆಯ ಮುಂದೆ ಕೂತದ್ದನ್ನು ನೋಡಲು ಹೆಂಗಸರು ಕೊಡ ಹೊತ್ತುಕೊಂಡೇ ನಿಂತುಬಿಡುತ್ತಿದ್ದರು. ಅವರು ನಕ್ಕರು, ಧಾರಾಳವಾಗಿ ನಕ್ಕರು. ನನ್ನ ರೊಟ್ಟಿ ಮೊದಲ ದಿನ ಹರಿಯಿತು, ಎರಡನೆಯ ದಿನ ಸೀದಿತು, ಐದನೆಯ ದಿನ ಒಂದು ಉಬ್ಬಿತು. ಹೊಗೆ ಕಣ್ಣಿಗೆ ಹೊಕ್ಕಾಗ ಅದರ ಬಗ್ಗೆ ನಾನೇ ಮಾಡಿದ ಭಾಷಣಗಳ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಆಗ ಗೊತ್ತಿದ್ದದ್ದು ಒಂದೇ, ಮುಖ ಯಾವ ಕಡೆ ತಿರುಗಿಸಬೇಕು ಎನ್ನುವುದು.

ಮರಿಗಳು ಹಾರಿದ ದಿನವೇ ಚಿಗವ್ವ ಲಕ್ಕಪ್ಪನನ್ನು ಕರೆಸಿದಳು. ಈ ಸಲ ನಕ್ಷೆ ಅವಳ ಕೈಬೆರಳುಗಳಲ್ಲಿತ್ತು. ಒಲೆಯ ಬಾಯಿ ಎರಡು ಗೇಣು ಆಗಬೇಕು, ಮುಂದೆ ರೊಟ್ಟಿ ನಿಲ್ಲಿಸಲು ಕಟ್ಟೆ ಬೇಕು, ಕೊಳವೆ ಇನ್ನೊಂದು ಮೊಳ ಮೇಲೇಳಬೇಕು, ತುದಿಗೆ ಗುಬ್ಬಿ ಹೊಗದಂತೆ ತಂತಿಬಲೆ ಬೇಕು. ಗೂಡನ್ನು ಅವಳು ಕೈಯಾರೆ ಬಿಡಿಸಿ ತಂದು ಪಡಸಾಲೆಯ ತೊಲೆಯ ಸಂದಿಯಲ್ಲಿ ಇಟ್ಟಳು. ಲಕ್ಕಪ್ಪ ನನ್ನ ಮುಖ ನೋಡಿದ. ಅವಳನ್ನು ಕೇಳು ಎಂದೆ.

ಮರುವರ್ಷ ಅದೇ ಸಾಹೇಬರು ಬಂದರು. ಮಸಿಯಿಂದ ಕರ್ರಗಾದ, ಬಾಯಿ ಅಗಲವಾದ ಒಲೆಯನ್ನು ಕಂಡು ಅವರಿಗೆ ನಿಜಕ್ಕೂ ದುಃಖವಾಯಿತು. ಟೇಪು ಹಿಡಿದು ಅಳೆದರು. ಯಾವ ಅಳತೆಯೂ ನಕ್ಷೆಗೆ ಹೊಂದಲಿಲ್ಲ. ನಕ್ಷೆಗೆ ಹೊಂದದ ಒಲೆಯನ್ನು ಬಳಕೆಯಲ್ಲಿಲ್ಲದ ಒಲೆ ಎಂದೇ ಪರಿಗಣಿಸಬೇಕೆಂದು ತಮಗೆ ಆದೇಶವಿದೆ, ಮಾದರಿ ಪಟ್ಟಿಯಿಂದ ಇದನ್ನು ತೆಗೆಯದೆ ಗತ್ಯಂತರವಿಲ್ಲ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಚಿಗವ್ವನಿಗೆ ಕನ್ನಡದಲ್ಲಿ ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

ಅಷ್ಟು ಹೊತ್ತೂ ಅವಳು ಒಲೆಯ ಮುಂದೆಯೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದು ಹಂಚಿನ ಮೇಲೆ, ಒಂದು ಕೆಂಡದ ಎದುರು, ಒಂದು ಬುಟ್ಟಿಯಲ್ಲಿ. ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದೆ. ಸಾಹೇಬರು ಅಳೆದು, ಬರೆದು, ಮತ್ತೆ ಅಳೆದು ಮುಗಿಸುವತನಕ ಅವಳು ಒಮ್ಮೆಯೂ ಕೆಮ್ಮಲಿಲ್ಲ. ಸಾಹೇಬರ ಹಾಳೆಯಲ್ಲಿ ಬಾಯಿಯ ಅಗಲಕ್ಕೆ ಜಾಗವಿತ್ತು, ಕೊಳವೆಯ ಎತ್ತರಕ್ಕೆ ಜಾಗವಿತ್ತು. ಕೆಮ್ಮಿಗೆ ಇರಲಿಲ್ಲ.

“ಬರಕೊಳ್ಳೂದು ಆಮ್ಯಾಲ ಬರಕೊಳ್ರಿ, ಸಾಹೇಬ್ರ,” ಎಂದಳು ಚಿಗವ್ವ, ಉಬ್ಬಿದ ರೊಟ್ಟಿಯೊಂದನ್ನು ತಾಟಿಗೆ ಹಾಕಿ ಬೆಣ್ಣೆ ಇಡುತ್ತ. “ಮೊದಲ ಬಿಸೇದು ಉಣ್ರಿ.”

ಅವರು ಸಂಕೋಚದಿಂದ ಕೂತರು. ಎರಡು ಉಂಡರು, ಮೂರನೆಯದಕ್ಕೆ ಬೇಡವೆನ್ನಲಿಲ್ಲ. ಆಮೇಲೆ ಬೆಣ್ಣೆ ಹತ್ತಿದ ಬೆರಳಿನಲ್ಲೇ ಪೆನ್ನು ಹಿಡಿದು, ಒಲೆ ಬಳಕೆಯಲ್ಲಿಲ್ಲ ಎಂದು ಬರೆದು ಸಹಿ ಮಾಡಿದರು.