ಕೋವಿಯ ಮೇಲೊಂದು ತೆಂಗಿನಮರ

ಎಂಬತ್ತರ ದಶಕದಲ್ಲಿ ಅರಬ್ ನಾಡಿನ ಜಿದ್ದಾ ನಗರದ ಹಳೇ ಪೇಟೆಯಲ್ಲಿ, ನಮ್ಮ ಬಟ್ಟೆಯಂಗಡಿಯ ಪಕ್ಕ ಉಡುಪಿ ಕಡೆಯ ಕುಸುರಿಗಾರರೊಬ್ಬರು ಕೂರುತ್ತಿದ್ದರು. ಅಜ್ಜಂದಿರ ಕಾಲದ ಉದ್ದ ಕೋವಿಗಳ ಮರದ ಹಿಡಿಯಲ್ಲಿ ಚಿತ್ತಾರ ಕೊರೆದು, ಆ ಗೀರುಗಳೊಳಗೆ ಬೆಳ್ಳಿ ತಂತಿ ಕೂರಿಸುವುದು ಅವರ ಕೆಲಸ. ಪುಟ್ಟ ಸುತ್ತಿಗೆಯಿಂದ ತಂತಿ ತಟ್ಟುವಾಗ ನಾಲಗೆಯ ತುದಿ ಹೊರಗೆ ಇಣುಕುತ್ತಿತ್ತು. ಯಾರು ಏನು ಕೇಳಿದರೂ ಒಂದೇ ಮಾತು: “ನನ್ನದೆಂತ ಉಂಟು ಮಾರಾಯ, ಮರ ಹೇಳಿದ ಹಾಗೆ ಕೈ ಹೋಗ್ತದೆ.”

ಒಮ್ಮೆ ಮರಳುಗಾಡಿನ ಹಿರಿಯರೊಬ್ಬರು ತಮ್ಮ ತಾತನ ಕೋವಿ ಕೊಟ್ಟು, ಅದರಲ್ಲಿ ಖರ್ಜೂರದ ಮರ ಬಿಡಿಸಲು ಹೇಳಿ ಹೋದರು. ಅವರು ಮರಳಿ ಬರುವ ದಿನ ಕೋವಿ ನೋಡಿ ನಾನು ಬೆಚ್ಚಿಬಿದ್ದೆ.

“ಕಾಕ, ಇದು ತೆಂಗಿನಮರ ಅಲ್ವಾ!”

ಕುಸುರಿಗಾರರೂ ಬಗ್ಗಿ ನೋಡಿ ತಲೆ ಕೆರೆದುಕೊಂಡರು. “ಹೌದಲ್ಲ ಮಾರಾಯ! ಮರ ಹೇಳಿದ್ದು ಹೌದು. ಯಾವ ಮರ ಅಂತ ನಾನು ಕೇಳ್ಲೇ ಇಲ್ಲ.”

ಅಷ್ಟರಲ್ಲಿ ಹಿರಿಯರು ಬಂದೇಬಿಟ್ಟರು. ಬೆಳ್ಳಿಯ ಗೊನೆಯನ್ನು ಬೆರಳಿನಿಂದ ಸವರಿ, “ಇದೇನು?” ಎಂದರು.

“ನಮ್ಮೂರಿನ ಮರ,” ಕುಸುರಿಗಾರರು ಅರಬ್ಬಿಯಲ್ಲಿ ತಡವರಿಸಿದರು. “ಕಾಯಿಯೊಳಗೆ ನೀರಿರುತ್ತದೆ.”

“ನೀರಾ?” ಹಿರಿಯರು ಕೋವಿಯನ್ನು ಹೆಗಲಿಗೇರಿಸಿ ನಕ್ಕರು. “ಹಾಗಾದರೆ ಇರಲಿ. ನಮ್ಮ ತಾತನಿಗೆ ಮದ್ದುಗುಂಡಿಗಿಂತ ಹೆಚ್ಚು ಬೇಕಾಗುತ್ತಿದ್ದದ್ದು ಅದೇ.”